ಸಾಯದ ಆಪು ಸತ್ತ ಹಿತ್ತಲು

ಯಾರ ಕೈಯಲ್ಲೂ ಸಾಯದ ಗಿಡ ಇಳಕಲ್ಲಿನ ಶಿವಲಿಂಗವ್ವನ ಹಿತ್ತಲಲ್ಲಿ ಸಾಯುತ್ತಿತ್ತು. ಅದೂ ಎರಡನೆಯ ಸಲ. ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತ ಹಿತ್ತಲಿಗೆ ಬಂದವಳು ಕುಣಿಯ ಕಡೆ ನೋಡಿ ಬಾಯಲ್ಲಿದ್ದ ನೀರನ್ನು ಹಾಗೇ ನುಂಗಿಬಿಟ್ಟಳು. ನಿನ್ನೆ ಸೊಂಟಮಟ ಹಸಿರಾಗಿ ನಿಂತಿದ್ದ ಆಪು ಇವತ್ತು ಮಾಯ. ಕುಣಿಯ ತುಂಬ ಕೆಂಪು ನೀರು ನಿಂತಿತ್ತು, ಅದರ ಮೇಲೆ ಹೆಸರಿಗೆ ಒಂದು ಗರಿಯೂ ಇರಲಿಲ್ಲ.

"ಅಯ್ಯ ಶಿವನ! ಯಾವ ಹಾಳಗಣ್ಣು ಬಿತ್ತೋ ಇದರ ಮ್ಯಾಲೆ! ಏನ್ರಿ, ಇಲ್ಲಿ ಬರ್ರಿ, ನೋಡ್ರಿ ಇದನ್ನ!"

ಗಂಡ ಗೋವಿಂದಪ್ಪ ಬಿದಿರಗಳುವಿಗೆ ನೂಲಿನ ಲಡಿ ಹರವುತ್ತಿದ್ದ. ಬಂದ, ನೋಡಿದ, "ಚಿಗೀತೈತಿ ಬಿಡು" ಎಂದು ಹೇಳಿ ಮತ್ತೆ ಲಡಿಯ ಕಡೆ ಹೋದ. ಸಮಾಧಾನ ಹೇಳಿದನೆಂದು ಅವಳು ತಿಳಿದಳು. ವಾರಗಟ್ಟಲೆ ಕಾದಳು. ಚಿಗುರುವುದಿರಲಿ, ಕುಣಿ ನಾರತೊಡಗಿತು.

ಆಪು ಅಂದರೆ ಗೊತ್ತಿದ್ದದ್ದೇ. ಜೊಂಡು ಅನ್ನುತ್ತಾರಲ್ಲ, ಅದೇ. ಕೆರೆಯಂಚು, ಹಳ್ಳದ ಮಡು, ಊರ ಹೊರಗಿನ ಗಟಾರ, ಎಲ್ಲಿ ನೀರು ನಿಂತೀತೋ ಅಲ್ಲಿ ಆಳೆತ್ತರ ಎದ್ದು ತುದಿಗೆ ಕಂದು ಬಣ್ಣದ ಕೋಲಿನಂಥ ಹೂ ಹಿಡಿಯುವ ಹುಲ್ಲು. ಅದನ್ನು ಯಾರೂ ಬಿತ್ತುವುದಿಲ್ಲ, ಯಾರೂ ನೀರುಣಿಸುವುದಿಲ್ಲ. ಕೊಯ್ದರೆ ಬರುತ್ತದೆ, ಸುಟ್ಟರೆ ಬರುತ್ತದೆ, ಜೇಸಿಬಿ ತಂದು ಬಗೆಸಿದರೆ ಇನ್ನೂ ಖುಷಿಯಿಂದ ಬರುತ್ತದೆ. ಅಂಥ ನಾಚಿಕೆಗೆಟ್ಟ ಹುಲ್ಲಿಗೆ ಶಿವಲಿಂಗವ್ವನ ಹಿತ್ತಲೊಂದು ಸೇರಲಿಲ್ಲ. ಸಿಟ್ಟು ಬರದೆ ಏನಾದೀತು?

ಈ ರಾಮಾಯಣ ಶುರುವಾದದ್ದು ಬಣ್ಣದ ನೀರಿನಿಂದ. ಗೋವಿಂದಪ್ಪನಿಗೆ ಮಗ್ಗ ಒಂದು ಕೈಯಾದರೆ ಬಣ್ಣ ಇನ್ನೊಂದು ಕೈ. ಹಿತ್ತಲ ತಗಡಿನ ಪತ್ರಾಸಿನ ಕೆಳಗೆ ಹಂಡೆ ಕಾಯಿಸಿ ನೂಲಿನ ಲಡಿಗಳನ್ನು ಅದ್ದಿ ತೆಗೆಯುತ್ತಾನೆ. ಮೊದಲು ತಮ್ಮ ಮಗ್ಗಕ್ಕೆ ಬೇಕಾದಷ್ಟೇ ಅದ್ದುತ್ತಿದ್ದ. ಮೇಲಿನ ಓಣಿಯ ಬಣ್ಣಗಾರ ಮುದುಕನಾಗಿ ಹಂಡೆ ಬೋರಲು ಹಾಕಿದ ಮೇಲೆ ಅವನ ಗಿರಾಕಿಗಳೆಲ್ಲ ಇವನ ಹಿತ್ತಲಿಗೆ ಬಂದರು. ಈಗ ಬೆಳಗಾದರೆ ಹಂಡೆ, ಸಂಜೆಯಾದರೆ ಹಂಡೆ ತುಂಬ ಹೊಲಸು ನೀರು. ಆ ನೀರು ಇಳಿಜಾರಿಗೆ ಹರಿದು ನಡುಗೋಡೆಯ ಬುಡದಲ್ಲಿ ಇಂಗುತ್ತಿತ್ತು. ಗೋಡೆಯ ಆಚೆಗೆ ಅಫ್ಸಾನಾಳ ಬಾವಿ.

ಶಿವಲಿಂಗವ್ವ ಈ ಮನೆಗೆ ಸೊಸೆಯಾಗಿ ಬಂದ ಒಂದೆರಡು ವರ್ಷಕ್ಕೆ ಅಫ್ಸಾನಾ ಆ ಮನೆಗೆ ಸೊಸೆಯಾಗಿ ಬಂದವಳು. ಅವತ್ತಿನಿಂದ ಆ ಎದೆಮಟದ ಗೋಡೆಯ ಮೇಲೆ ಏನೇನು ದಾಟಿಲ್ಲ! ಬಿಸಿ ರೊಟ್ಟಿ ದಾಟಿದೆ, ಹೋಳಿಗೆ ದಾಟಿದೆ, ರಂಜಾನ್ ಹಬ್ಬದ ಸುರಕುಂಬಾ ದಾಟಿದೆ, ಕೈಗೂಸುಗಳು ದಾಟಿವೆ, ಅತ್ತೆಯರ ಮೇಲಿನ ಚಾಡಿ ದಾಟಿದೆ. ಮಧ್ಯಾಹ್ನದ ಊಟವಾಯಿತೆಂದರೆ ಇವಳು ಈಚೆ, ಅವಳು ಆಚೆ ರಾಟಿ ಇಟ್ಟುಕೊಂಡು ಲಾಳಿಗೆ ಹಾಕುವ ಕಂಡಕಿ ಸುತ್ತುತ್ತ, ಎರಡು ರಾಟಿಯ ಸದ್ದಿಗಿಂತ ಜೋರಾಗಿ ಮಾತಾಡಬೇಕು. ಅದಿಲ್ಲದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

ಅಫ್ಸಾನಾಳ ಕೆಲಸ ಮಗ್ಗದ ಮೇಲೆ ಉದ್ದಕ್ಕೆ ಬರುವ ಹಾಸಿನ ನೂಲಿಗೆ ಗಂಜಿ ಹಚ್ಚುವುದು. ಗಂಜಿಗೆ ಬಾವಿಯದೇ ನೀರು. ಒಂದು ದಿನ ಗಿರಾಕಿಯೊಬ್ಬನ ಬಿಳಿ ನೂಲಿಗೆ ಗಂಜಿ ಹಚ್ಚಿ ಒಣಗಿಸಿದಳು, ಒಣಗಿದಾಗ ಅದು ಬಿಳಿ ಇರಲಿಲ್ಲ. "ಶಿವ್ವಕ್ಕಾ, ಅಂವ ಬಿಳಿ ಕೊಟ್ಟಾನ, ನಾ ಗುಲಾಬಿ ಮಾಡಿ ಕೊಡ್ಲೇನು?" ಎಂದು ನಗುತ್ತಲೇ ಅಂದಳು. ಇನ್ನೊಬ್ಬ ಗಿರಾಕಿ ನೂಲನ್ನು ಕಟ್ಟೆಯ ಮೇಲೆ ಎಸೆದು ಹೋದ ಮೇಲೆ ಆ ನಗು ಹೋಯಿತು. "ನೋಡಕ್ಕಾ, ನನ್ನ ಬಾವಿ ಮೊದಲಿನಂಗ ತಿಳಿ ಆಗಬೇಕು. ಹ್ಯಾಂಗ ಮಾಡ್ತಿ ನನಗ ಗೊತ್ತಿಲ್ಲ. ನಮ್ಮವರು ಬಾವಿ ಮುಚ್ಚಿ ಗ್ವಾಡಿ ಎತ್ತರಾ ಮಾಡ್ತೇನಿ ಅನ್ನಾಕತ್ತಾರ." ಅವಳ ಗಂಡ ಜುಬೇರ ಟಂಟಂ ಆಟೋ ಓಡಿಸುವವನು, ಒಮ್ಮೆ ಅಂದರೆ ಮಾಡಿಯೇ ಬಿಡುವ ಮನುಷ್ಯ.

ಗೋಡೆ ಎತ್ತರವಾದೀತೆಂಬ ಮಾತು ಕೇಳಿ ಶಿವಲಿಂಗವ್ವ ರಾಟಿ ಬಿಟ್ಟೆದ್ದಳು. ಬಾಗಲಕೋಟೆಯ ನವನಗರದಲ್ಲಿ ಕಾಲೇಜಿನ ಹುಡುಗರಿಗೆ ಪಾಠ ಹೇಳುವ ಮಗಳು ಶ್ರುತಿಗೆ ಫೋನು ಹಚ್ಚಿದಳು.

"ಯವ್ವಾ, ಆಪು ಹಚ್ಚು" ಎಂದಳು ಶ್ರುತಿ. "ಗ್ವಾಡಿ ಬುಡಕ್ಕ ಉದ್ದಾನ ಕುಣಿ ತಗಸು. ತಳಕ್ಕ ಕಲ್ಲಿನ ಕಡಿ ಹಾಕು, ಮ್ಯಾಲೆ ಉಸುಕು, ಅದರ ಮ್ಯಾಲೆ ಕೆಸರು. ಹಂಡೇದ ನೀರು ಆರಿದ ಮ್ಯಾಲೆ ಅದಕ್ಕ ಬಿಡು. ಆಪಿನ ಬೇರು, ಉಸುಕು ಕೂಡಿ ಹೊಲಸು ಹಿಡಕೋತಾವು, ಮುಂದ ತಿಳಿನೀರು ಹೋಗ್ತೈತಿ."

"ಬೆಳಸೂದು ಹ್ಯಾಂಗ?"

"ಅಯ್ಯ, ಅದೇನ ಮಲ್ಲಿಗಿ ಬಳ್ಳಿ ಏನ ಬೇ? ಒಗದ್ರ ಸಾಕು, ತಾನ ಬೆಳೀತೈತಿ."

ತಾನೇ ಬೆಳೆಯುತ್ತದಂತೆ! ಶಿವಲಿಂಗವ್ವ ಕುಣಿ ತೋಡಿಸಿದಳು, ಹುನಗುಂದ ರಸ್ತೆಯ ಬದಿಯ ತಗ್ಗಿಗೆ ಕುಡಗೋಲು ಹಿಡಿದು ಹೋದಳು, ಒಂದು ಹೊರೆ ಆಪು ಕೊಯ್ದು ತಂದು ಕುಣಿಯಲ್ಲಿ ಚುಚ್ಚಿದಳು. ಎರಡು ದಿನ ಹಸಿರಾಗಿ ನಿಂತು, ಮೂರನೆಯ ದಿನ ಹಳದಿಯಾಗಿ, ಆಮೇಲೆ ಮಲಗಿಬಿಟ್ಟಿತು. "ಬೇರು ಎಲ್ಲಿ ಬೇ?" ಎಂದು ಶ್ರುತಿ ಕೇಳಿದಾಗ, "ಬೇರು ತಾ ಅಂತ ನೀ ಎಲ್ಲಿ ಹೇಳೀದಿ?" ಎಂದು ಇವಳು ಕಿರುಚಿದಳು. ಅದು ಮೊದಲನೆಯ ಸಾವು.

ಎರಡನೆಯದಕ್ಕೆ ಹುಲ್ಲಪ್ಪ ಬಂದ. ಹುಲ್ಲಪ್ಪ ಮರೋಳದ ಕಡೆಯವನು, ಬೀರಪ್ಪ ದೇವರ ಒಕ್ಕಲು, ಹೆಗಲಿಗೆ ಕಂಬಳಿ ಇಲ್ಲದೆ ಬಿಸಿಲಲ್ಲೂ ಹೊರಬೀಳದ ಮನುಷ್ಯ. ಪ್ರತಿ ವರ್ಷ ಇವರ ಮನೆಗೆ ಜೋಳ ತಂದು ಹಾಕುತ್ತಿದ್ದ. ಅವನ ಹೊಲದ ತಗ್ಗಿನ ಮೂಲೆಯಲ್ಲಿ ನೀರು ನಿಂತು ನಿಂತು ಅಲ್ಲಿ ಈಗ ಬರೀ ಆಪು. ಶಿವಲಿಂಗವ್ವ "ನಾಕ ಬೇರು ತಂದು ಕೊಡೋ" ಎಂದಾಗ ಅವನು ಜೋಳದ ಚೀಲ ಅಲ್ಲೇ ಕೆಡವಿ, ಕಂಬಳಿ ಜಾರಿ ಬೀಳುವವರೆಗೆ ನಕ್ಕ.

"ಬೇಕಂತ! ಆಪು ಬೇಕಂತ! ಅಕ್ಕಾರ, ಹೊಲಾನೂ ಕೂಡೇ ತಗೋರಿ. ಅಲ್ರಿ, ಕೊಯ್ದ್ನಿ, ಸುಟ್ಟ್ನಿ, ಉಪ್ಪು ಸುರುವಿದ್ನಿ, ಬೀರಪ್ಪಗ ಹರಕಿ ಹೊತ್ತ್ನಿ. ಊರಾನವರು ನನ್ನ ಹೆಸರೇ ಸರಿ ಐತಿ ಅಂತಾರ. ಸಾಯವಲ್ದ್ರಿ ಅದು!"

ಮುಂದಿನ ಸಂತೆಗೆ ಒಂದು ಚೀಲ ಬೇರು ತಂದ. ಬೆರಳು ದಪ್ಪದ, ಗಂಟುಗಂಟಿನ ಬೇರು, ಗಂಟಿಗೊಂದು ಬಿಳಿ ಮೊಳಕೆ. ಆ ಸಲ ಖರೇನೇ ಹತ್ತಿತು. ಮೊಳಕೆ ಸೂಜಿಯ ಹಾಗೆ ಕೆಸರಿನಿಂದ ಎದ್ದಾಗ ಶಿವಲಿಂಗವ್ವ ಮೊಮ್ಮಗ ಹುಟ್ಟಿದಷ್ಟು ಹಿಗ್ಗಿ, ಅಫ್ಸಾನಾಳನ್ನು ಗೋಡೆಯ ಹತ್ತಿರ ಕರೆದು ತೋರಿಸಿದಳು. ಅಫ್ಸಾನಾ "ಮಾಷಾ ಅಲ್ಲಾ, ದೃಷ್ಟಿ ಆದೀತು, ಸುಮ್ಮನಿರಕ್ಕಾ" ಎಂದಳು. ಯುಗಾದಿಯ ಹೊತ್ತಿಗೆ ಗರಿಗಳು ಸೊಂಟಮಟ ಬಂದು ಗಳುವಿನ ಮೇಲಿನ ಲಡಿಗಳಿಗೆ ತಾಗುತ್ತಿದ್ದವು. ಆಮೇಲೆ ಒಂದು ಬೆಳಿಗ್ಗೆ ಬಾಯಲ್ಲಿದ್ದ ನೀರು ನುಂಗಿದ ಆ ಕತೆ.

ಯಾರು ತಿಂದರು? ಶಿವಲಿಂಗವ್ವನ ಕಣ್ಣು ನೇರ ಹೋದದ್ದು ಅಫ್ಸಾನಾಳ ಆಡಿನ ಮೇಲೆ. ಅದು ಹಗ್ಗ ಹರಿಯುವುದರಲ್ಲಿ ಹೆಸರು ಮಾಡಿದ ಆಡು. ಹಿಂದೊಮ್ಮೆ ಗೋಡೆ ಹಾರಿ ಬಂದು ಒಣಹಾಕಿದ್ದ ಇವಳ ಕುಪ್ಪಸದ ಒಂದು ತೋಳನ್ನು ತಿಂದು ಹೋಗಿತ್ತು. ಆವಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಅಫ್ಸಾನಾ! ನಿನ್ನ ಆಡು ಕಟ್ಟಿಹಾಕಾಕ ಆಗೂದಿಲ್ಲೇನು? ನನ್ನ ಆಪು ಬುಡಮಟ ಬೋಳಿಸಿ ಹೋಗೇತಿ!"

"ಏನಂದಿ? ನಿನ್ನ ಬಣ್ಣದ ಕೊಳಿ ತಿನ್ನೂ ಗತಿ ನನ್ನ ಆಡಿಗೆ ಬಂದಿಲ್ಲ."

"ತಿನ್ನದಿದ್ರ ಎಲ್ಲಿ ಹೋತು ಹಂಗಾರ? ರೆಕ್ಕಿ ಬಂದು ಹಾರಿ ಹೋತೇನು?"

ಅಫ್ಸಾನಾ ಕೈಯಲ್ಲಿದ್ದ ಕಂಡಕಿಯನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಬಂದ ದನಿ ಎಂದಿನದಾಗಿರಲಿಲ್ಲ. "ನನ್ನ ಬಾವಿ ಕೆಡಿಸಿದಿ, ಗಿರಾಕಿ ಕಳದಿ. ನಾ ಓಣ್ಯಾಗ ಒಬ್ರ ಮುಂದೂ ತುಟಿ ಬಿಚ್ಚಲಿಲ್ಲ. ಈಗ ನನ್ನ ಮನ್ಯಾಗಿನ ಜೀವದ ಮ್ಯಾಲೆ ಕಳುವು ಹೊರಸ್ತಿ? ಆತಕ್ಕಾ. ಇನ್ನ ಮ್ಯಾಲೆ ನೀ ಆ ಕಡಿ, ನಾ ಈ ಕಡಿ."

ಮಾತು ನಿಂತಿತು. ಅಫ್ಸಾನಾ ತನ್ನ ರಾಟಿಯನ್ನು ಎತ್ತಿಕೊಂಡು ಮುಂದಿನ ಪಡಸಾಲೆಗೆ ಹೋದಳು. ಮರುದಿನದಿಂದ ನಡುಗೋಡೆಯ ಮೇಲೆ ಒಂದು ಗಾಜಿನ ಲೋಟ ಬಂದು ಕೂತಿತು. ಬೆಳಗಾದರೆ ಲೋಟದ ತುಂಬ ಬಾವಿಯ ನೀರು. ಒಂದು ದಿನ ನಸುಗೆಂಪು, ಒಂದು ದಿನ ನಸುಹಸಿರು, ಗೋವಿಂದಪ್ಪ ಹಿಂದಿನ ದಿನಗಳಲ್ಲಿ ಏನು ಅದ್ದಿದ್ದನೋ ಅದರ ಸಾಕ್ಷಿ. ಅದರ ಮುಂದೆ ಬೈಗಳೇ ಮೇಲು! ಶಿವಲಿಂಗವ್ವ ಲೋಟ ಖಾಲಿ ಮಾಡಿ, ತೊಳೆದು, ಬೋರಲು ಇಡುತ್ತಿದ್ದಳು. ಇನ್ನೊಂದು ವಾರಕ್ಕೆ ಆಚೆ ಒಂದು ಟ್ರ್ಯಾಕ್ಟರು ಇಟ್ಟಿಗೆ ಬಂದು ಬಿತ್ತು. ಮಳೆಗಾಲ ಮುಗಿಯುತ್ತಲೇ ಗೋಡೆ ಎಂದು ಜುಬೇರ ಓಣಿಯಲ್ಲಿ ಹೇಳಿದನೆಂಬ ಸುದ್ದಿ ಇಟ್ಟಿಗೆಯ ಹಿಂದೆಯೇ ಬಂತು.

"ಇಟ್ಟಂಗಿ ಬಂದಾವ್ರಿ" ಎಂದಳು ಗಂಡನಿಗೆ. "ಮನಿ ಕಟ್ಟಸ್ತಾರೇನೋ ಅಂದ್ಕೊಂಡೀರೇನು? ನನಗ ಮುಖಾ ತೋರಸಬಾರದಂತ ತಂದಾರ."

"ಇದ್ದೀತು" ಎಂದ ಗೋವಿಂದಪ್ಪ.

ಇದು ಅವನ ಇನ್ನೊಂದು ಮಾತು. ಆಕಾಶ ಕಳಚಿ ಬಿತ್ತೆಂದರೂ ಇದ್ದೀತು, ಅನ್ನ ಹಳಸಿತೆಂದರೂ ಇದ್ದೀತು. ಆಡು ತಿಂತು ಎಂದಾಗಲೂ ಅವನು ಅಂದದ್ದು ಅದನ್ನೇ. ಇಂಥವನ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ತನಗೆ ಸರಕಾರ ಒಂದು ಶಾಲು ಹೊದಿಸಬೇಕೆಂದು ಶಿವಲಿಂಗವ್ವನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಮೂರನೆಯ ಸಲ ಅವಳು ಹಟ ತೊಟ್ಟಳು. ಹುಲ್ಲಪ್ಪನಿಂದ ಮತ್ತೆ ಬೇರು ತರಿಸಿದಳು, ಕುಣಿಯ ಸುತ್ತ ಜಾಲಿಮುಳ್ಳಿನ ಬೇಲಿ ಬಡಿಸಿದಳು, ಆಡಿರಲಿ ಬೆಕ್ಕೂ ನುಗ್ಗದ ಹಾಗೆ. ಗಂಡನಿಗಾಗಿ ಒಂದು ಮೂಲೆಯಲ್ಲಿ ಮಾತ್ರ ಹಂಡೆಯ ನೀರು ಬಿಡಲು ಸಂದಿ, ಅದಕ್ಕೊಂದು ಹಲಗೆಯ ಬಾಗಿಲು. ಹಗಲೆಲ್ಲ ಕಂಡಕಿ ಸುತ್ತುತ್ತ ಅಲ್ಲೇ ಕಾವಲು ಕೂತಳು. ಸಂಜೆ ರೊಟ್ಟಿ ಬಡಿಯುವಾಗ ಮಾತ್ರ ಒಳಗೆ ಹೋಗುತ್ತಿದ್ದಳು. ಆಪು ಮತ್ತೆ ಎದ್ದಿತು, ಮತ್ತೆ ಸೊಂಟಮಟ ಬಂತು. ಕಾರಹುಣ್ಣಿವೆ ಮುಗಿದ ವಾರಕ್ಕೆ ಒಂದು ಬೆಳಿಗ್ಗೆ ಬೇಲಿ ಇದ್ದ ಹಾಗೇ ಇತ್ತು, ಒಳಗೆ ಆಪು ಮಾತ್ರ ಇರಲಿಲ್ಲ.

ಈ ಸಲ ಅವಳು ಕಿರುಚಲಿಲ್ಲ. ಮುಳ್ಳಿನ ಬೇಲಿ ಹಾರಿ ಆಡು ಬಂದಿರಲಾರದು. ಅಂದರೆ ಹಿಂದಿನ ಸಲವೂ ಆಡು ತಿಂದಿರಲಿಲ್ಲ. ಅಂದರೆ ತಾನು ಅಫ್ಸಾನಾಳಿಗೆ ಅಂದದ್ದೆಲ್ಲ ಸುಳ್ಳು. ಗೋಡೆಯ ಮೇಲೆ ಲೋಟ ಎಂದಿನಂತೆ ಕೂತಿತ್ತು.

ವಾರ ಕಳೆದು ಕುಣಿ ಮತ್ತೆ ನಾರತೊಡಗಿದಾಗ ಹುಲ್ಲಪ್ಪನಿಗೆ ಫೋನು ಮಾಡಿ ತನ್ನ ಸಿಟ್ಟನ್ನೆಲ್ಲ ಅವನ ಮೇಲೆ ಸುರಿದಳು. "ಎಂಥಾ ದರಿದ್ರ ಬೇರು ತಂದು ಕೊಟ್ಟಿಯೋ? ಮತ್ತ ಸತ್ತಾವು!"

"ಸತ್ತಾವ್ರ್ಯಾ? ಅಕ್ಕಾರ, ಖರೇ ಹೇಳ್ತೀರೇನ್ರಿ? ಬೇರು ಸೈತ?"

"ಬೇರು ಸೈತ ಕೊಳತು ನಾರಾಕತ್ತಾವು ಅಂತ ಹೋದ ಸಲಾನೂ ಹೇಳೀನಿ!"

"ತಡೀರಿ. ನಾ ಮೊದಲನೇ ಬಸ್ಸಿಗೆ ಬರ್ತೇನಿ. ಆಪು ಸತ್ತದ್ದನ್ನ ನನ್ನ ಕಣ್ಣಿಂದ ನಾ ನೋಡಬೇಕು."

ಯಾತ್ರೆಗೆ ಬಂದವನಂತೆ ಬಂದ ಹುಲ್ಲಪ್ಪ. ಚಪ್ಪಲಿ ಹಿತ್ತಲ ಬಾಗಿಲಲ್ಲೇ ಬಿಟ್ಟ. ಬೇಲಿ ಸರಿಸಿ ಕುಣಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ತೋಳೇರಿಸಿ, ಕೆಂಪು ನೀರೊಳಗೆ ಕೈಯಾಡಿಸಿದ. ಅವನ ಹುಬ್ಬು ಗಂಟಿಕ್ಕಿತು.

"ಅಕ್ಕಾರ, ಮೋಟು ಅದಾವ್ರಿ ಒಳ ಮಗ್ಗಲ. ಇದು ದನಾ ತಿಂದದ್ದಲ್ಲ. ಇದು ಕೊಯ್ದದ್ದು. ಎಷ್ಟ ಸಮಾ ಕೊಯ್ದಾರ ನೋಡ್ರಿ, ಹಾಸಿನ ಅಂಚು ಕತ್ತರಿಸಿದಂಗ!"

ಶಿವಲಿಂಗವ್ವ ಕೈಯಲ್ಲಿ ಒಂದು ಲಡಿ ಹಿಡಿದುಕೊಂಡು ನಿಂತಿದ್ದಳು. ಹುಲ್ಲಪ್ಪ ಕೈ ಒರೆಸಿಕೊಳ್ಳುತ್ತ ಮೇಲೆ ನೋಡಿದವನು ಆ ಲಡಿಯ ಕಡೆಗೇ ನೋಡುತ್ತ ಉಳಿದ. ಲಡಿಯ ಕೊರಳಿಗೆ ಒಂದು ಹಸಿರು ಪಟ್ಟಿ ಬಿಗಿದಿತ್ತು.

"ಇದೇನ್ರಿ ಕಟ್ಟಿದ್ದು? ಆಪಿನ ಗರಿ ಅಲ್ಲೇನ್ರಿ ಇದು?"

ಶಿವಲಿಂಗವ್ವ ಲಡಿ ನೋಡಿದಳು. ಗಳುವಿನ ಮೇಲೆ ನೋಡಿದಳು. ಸಾಲಾಗಿ ತೂಗುವ ಲಡಿಗಳಿಗೆಲ್ಲ ಅದೇ ಪಟ್ಟಿ, ಒಂದೇ ಅಳತೆ, ಒಂದೇ ಗಂಟು. ಯುಗಾದಿಯಿಂದ ಇವತ್ತಿನವರೆಗೆ ದಿನಾ ಅವಳೇ ಈ ಗಂಟು ಬಿಚ್ಚಿ ರಾಟಿಗೆ ನೂಲು ಹಾಕಿದ್ದಳು. "ದಾರಕ್ಕಿಂತ ಚಲೋ ಅದಾವ್ರಿ ಇವು, ಎಲ್ಲಿಂದ ತಂದ್ರಿ?" ಎಂದು ಗಂಡನನ್ನು ಹೊಗಳಿಯೂ ಇದ್ದಳು. ಅವನು ಕೇಳಿಸಿಕೊಂಡಿರಲಿಲ್ಲ, ಅಥವಾ ಕೇಳಿಸಿಕೊಂಡು ಸುಮ್ಮನಿದ್ದ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದಲ್ಲದೆ, ನೆರೆಮನೆಯವರ ಮೇಲೆ ಕಳುವೂ ಹೊರಿಸಿದ್ದಾಗಿತ್ತು.

"ಏನ್ರೀ!" ಎಂದು ಕೂಗಿದ ಕೂಗಿಗೆ ಮಗ್ಗ ನಿಂತಿತು. ಗೋವಿಂದಪ್ಪ ಬಂದ. ಉಡಿದಾರಕ್ಕೆ ಸಿಕ್ಕಿಸಿದ ನೂಲುಗತ್ತರಿ ತೂಗುತ್ತಿತ್ತು.

"ಆಪು ಕತ್ತರಿಸಿದವರು ಯಾರು?"

"ನಾನ" ಎಂದ, ಬೆಳಗಾಯಿತು ಎಂದು ಹೇಳುವಷ್ಟು ಸಹಜವಾಗಿ. "ಲಡಿಗೆ ತಾಗಿ ನೂಲು ಸಿಕ್ಕ ಮಾಡಾಕತ್ತಿದ್ದವು. ಒಂದ ಉದ್ದ, ಒಂದ ಗಿಡ್ಡ, ನೋಡಾಕೂ ಅಸಹ್ಯ. ನೀ ರೊಟ್ಟಿ ಬಡಿಯಾಕ ಹೋದಾಗ ಒಂದ ಗೇಣು ಬಿಟ್ಟು ಸಮಾ ಮಾಡಿದ್ನಿ. ಚಿಗೀಲಿ ಅಂತ. ಕರಿಬೇವು ಕತ್ತರಿಸಿದ್ರ ಚಿಗಿಯೂದಿಲ್ಲೇನು?"

ನಲವತ್ತು ವರ್ಷ ಸೀರೆಯ ಅಂಚಿಗೆ ಒಂದು ಎಳೆ ಹೆಚ್ಚು ನಿಂತರೆ ನಿದ್ದೆ ಬರದ ಮನುಷ್ಯ. ಉದ್ದ ಗಿಡ್ಡ ನಿಂತ ಗರಿ ಕಂಡು ಅವನ ಕೈ ಸುಮ್ಮನಿರುವುದೆಂದರೇನು! ಅದೆಲ್ಲ ಶಿವಲಿಂಗವ್ವನಿಗೆ ತಿಳಿಯದ್ದಲ್ಲ, ತಿಳಿದದ್ದರಿಂದಲೇ ಸಿಟ್ಟು ಇನ್ನೂ ಏರಿತು. "ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ! ನಾ ಆಡು ಆಡು ಅಂತ ಬಾಯಿ ಬಡಕೊಳ್ಳಾಕತ್ತಾಗ ನಿಮ್ಮ ಬಾಯಾಗೇನ ಕಂಡಕಿ ಸಿಕ್ಕಿತ್ತೇನು?"

"ನಾ ಒಂದ ಗೇಣು ಬಿಟ್ಟಿದ್ನಿ" ಎಂದ ಗೋವಿಂದಪ್ಪ. "ಉಳದದ್ದು ಆಡು ತಿಂದಿದ್ದೀತು ಅಂದ್ಕೊಂಡ್ನಿ."

ಈ ಗಂಡ ಹೆಂಡಿರ ಜಗಳ ಹುಲ್ಲಪ್ಪನ ಕಿವಿಗೆ ಬೀಳುತ್ತಿರಲಿಲ್ಲ. ಅವನಿಗೆ ಬೇರೆಯೇ ಹುಳ ಹೊಕ್ಕಿತ್ತು. "ಅಲ್ರಿ ಅಣ್ಣಾರ, ನಾನೂ ವರ್ಷಾ ವರ್ಷಾ ಕೊಯ್ತೇನಿ. ಕೊಯ್ದಷ್ಟೂ ಹೆಚ್ಚ ಬರ್ತೈತಿ. ನೀವು ಕೊಯ್ದ್ರ ಯಾಕ ಸಾಯ್ತೈತಿ? ಕೊಯ್ದ ಮ್ಯಾಲೆ ಏನ ಮಾಡಿದ್ರಿ?"

"ಏನೂ ಇಲ್ಲ. ದಿನದಂಗ ಸಂಜಿಕ ಹಂಡೇದ ನೀರು ಬಿಟ್ನಿ."

ಹುಲ್ಲಪ್ಪ ಕುಣಿಯ ಅಂಚು ನೋಡಿದ, ನೀರಿನ ಮಟ್ಟ ನೋಡಿದ. ಗೇಣುದ್ದದ ಮೋಟಿನ ಮೇಲೆ ಇನ್ನೂ ನಾಲ್ಕು ಬೆರಳು ನೀರು. ಒಂದು ಮೋಟನ್ನು ಕಿತ್ತು ಉಗುರಿನಿಂದ ಸೀಳಿದ. ಒಳಗೆಲ್ಲ ಸಣ್ಣ ಸಣ್ಣ ತೂತು, ಜೇನುಗೂಡಿನ ಹಾಗೆ. ಇನ್ನೊಂದು ಮೋಟಿನ ಒಂದು ತುದಿ ಬಾಯಿಗಿಟ್ಟು, ಇನ್ನೊಂದು ತುದಿ ನೀರಲ್ಲಿ ಅದ್ದಿ ಊದಿದ. ನೀರಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು. ಮೂವರೂ ಬಗ್ಗಿ ನೋಡಿದರು.

"ಉಸರು!" ಎಂದ ಹುಲ್ಲಪ್ಪ. "ಗರಿ ಮ್ಯಾಲೆ ಇದ್ದಾಗ ಅದರ ಮೂಗು ಮ್ಯಾಲಿರ್ತೈತಿ, ಬೇರಿಗೆ ಗಾಳಿ ಇಳೀತೈತಿ. ನೀವು ಮೂಗು ಕೊಯ್ದು ನೀರಾಗ ಅದ್ದೀರಿ! ನಾ ಬ್ಯಾಸಗ್ಯಾಗ ಒಣಾ ಹೊಲದಾಗ ಕೊಯ್ದೇನಿ, ಅದು ಉಸರಾಡಿಕೋಂತ ಮತ್ತ ಎದ್ದೈತಿ!" ಎದ್ದು ನಿಂತು ಗೋವಿಂದಪ್ಪನ ಎರಡೂ ಕೈ ಹಿಡಿದುಕೊಂಡ. "ಅಣ್ಣಾರ, ನೀವು ದೇವರು."

ಚಹಾ ಕುಡಿಯಲೂ ನಿಲ್ಲದೆ ಕಂಬಳಿ ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಚಪ್ಪಲಿ ನೆನಪಾಗಿ ಮತ್ತೆ ಬಂದ. ಬೆಳೆಸಲಿಕ್ಕೆಂದು ಕೊಂದು ಕೊಂದು ಸುಸ್ತಾದ ಮನೆಯಿಂದ ಕೊಲ್ಲುವ ವಿದ್ಯೆ ಕಲಿತು ಹೋದವನನ್ನು ನೋಡಿ ಶಿವಲಿಂಗವ್ವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿನ ಲೋಟದ ಮೇಲಿತ್ತು.

ಅಂದೇ ಮಧ್ಯಾಹ್ನ ಒಂದು ಹೊರೆ ಹಸಿ ಮೆಕ್ಕೆಜೋಳದ ಮೇವು ತಂದು ಗೋಡೆಯ ಮೇಲಿಂದ ಆಡಿನ ಮುಂದೆ ಇಳಿಸಿದಳು. ಸಂಜೆಯ ಹೊತ್ತಿಗೆ ಆ ಹೊರೆ, ಒಂದು ಎಲೆ ಕಡಿಮೆಯಾಗದೆ, ಗೋಡೆಯ ಮೇಲೆ ವಾಪಸು ಬಂದಿತ್ತು. ಆಡು ಆಚೆಯಿಂದ ಅರಚುತ್ತಿತ್ತು. ಶಿವಲಿಂಗವ್ವ ಗೋಡೆಗೆ ಮುಖ ಮಾಡಿ, ಯಾರೂ ಕಾಣದಿದ್ದರೂ, ಗಟ್ಟಿಯಾಗಿ ಹೇಳಿದಳು.

"ಅಫ್ಸಾನಾ, ಕೇಳಸ್ತೇನವಾ? ನಿನ್ನ ಆಡಲ್ಲ. ನಮ್ಮ ಮನ್ಯಾಗಿನ ಎರಡ ಕಾಲಿನ ಮಂಗ್ಯಾ ಮೊಸರು ತಿಂದು ನಿನ್ನ ಆಡಿನ ಬಾಯಿಗೆ ಒರಸಿತ್ತು. ತಪ್ಪು ನನ್ನದು. ನೋಡದ ಮಾಡದ ಅಂದ್ನಿ."

ಪಡಸಾಲೆಯಲ್ಲಿ ರಾಟಿಯ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಮರುದಿನ ಲೋಟವೂ ಬಂತು. ಅದೂ ನ್ಯಾಯವೇ. ಆಡಿನ ಲೆಕ್ಕ ಮುಗಿದರೂ ಬಾವಿಯದು ಬಾಕಿ ಇತ್ತು.

ನಾಲ್ಕನೆಯ ಸಲದ ಬೇರನ್ನು ಶಿವಲಿಂಗವ್ವ ಗಂಡನ ಕೈಯಿಂದಲೇ ನೆಡಿಸಿದಳು. ಕೊಳೆತ ಮೋಟೆಲ್ಲ ಕಿತ್ತು, ಕೆಸರು ಬದಲಿಸಿ, ಬೇರನ್ನು ಅಡ್ಡಲಾಗಿ ಮಲಗಿಸಿ, ಮೊಳಕೆ ಮೇಲೆ ಮುಖ ಮಾಡಿ, ನಾಲ್ಕು ಬೆರಳು ಕೆಸರು ಮುಚ್ಚಬೇಕು. ಬೇರಿಗೂ ಬೇರಿಗೂ ನಡುವೆ ಒಂದು ಮೊಳ. ಗೋವಿಂದಪ್ಪ ನೂಲು ಹಿಡಿದು ಸಾಲು ಸರಿಮಾಡಿಯೇ ನೆಟ್ಟ, ಅದಕ್ಕೆ ಅವಳು ಹೂಂ ಅಂದಳು. ಮೊದಲು ಎರಡೇ ಬೆರಳು ನೀರು, ಅದೂ ಬಣ್ಣವಿಲ್ಲದ್ದು. ಗರಿ ಎದ್ದಷ್ಟು ನೀರು ಏರಬೇಕು, ಎಷ್ಟು ಏರಿದರೂ ಗರಿಯ ಅರ್ಧಕ್ಕಿಂತ ಕೆಳಗೇ ಇರಬೇಕು. ಬಣ್ಣದ ನೀರು ರಾತ್ರಿಯೆಲ್ಲ ಆರಿದ ಮೇಲೆ ಸ್ವಲ್ಪ ಸ್ವಲ್ಪ ಬಿಡಬೇಕು. ಲಡಿಯ ಗಳು ಮಾಳಿಗೆಗೆ ಹೋದವು. ಕತ್ತರಿ ಹಿಟ್ಟಿನ ಡಬ್ಬಿಗೆ ಹೋಯಿತು, ಮಗ್ಗಕ್ಕೆ ಕೂರುವಾಗ ಕೊಡುವುದು, ಏಳುವಾಗ ಇಸಿದುಕೊಳ್ಳುವುದು.

ಶ್ರಾವಣದಲ್ಲಿ ಗರಿ ಎದೆಮಟ ಬಂದವು. ದಸರೆಗೆ ತಲೆ ದಾಟಿದವು. ಒಂದು ಆಚೆ ವಾಲಿ, ಒಂದು ಈಚೆ ಬಾಗಿ, ಬಾಚದ ತಲೆಯಂತೆ ಕೆದರಿ ನಿಂತವು. ಸಂಜೆ ಗೋವಿಂದಪ್ಪ ಅದರ ಮುಂದೆ ನಿಂತಾಗ ಅವನ ಬಲಗೈ ತಾನಾಗಿ ಉಡಿದಾರದ ಕಡೆ ಹೋಗುತ್ತಿತ್ತು. "ಏನ್ರೀ" ಎಂದು ಒಳಗಿನಿಂದ ದನಿ ಬಂದರೆ ಕೈ ವಾಪಸು ಬರುತ್ತಿತ್ತು. ಪಾಪ, ಅವನಿಗೂ ಕಷ್ಟವೇ.

ಮಳೆಗಾಲ ಮುಗಿಯಿತು. ಇಟ್ಟಿಗೆ ಇದ್ದಲ್ಲೇ ಇದ್ದವು. ಗೋಡೆ ಕಟ್ಟುವ ಗೌಂಡಿ ಸಿಕ್ಕಿಲ್ಲವೆಂದು ಅಫ್ಸಾನಾಳೇ ಗಂಡನಿಗೆ ಹೇಳುತ್ತಿದ್ದಾಳೆಂದು ಸುದ್ದಿ ಬಂತು. ಅದೇ ಓಣಿಯಲ್ಲಿ ಗೌಂಡಿಗಳ ಮನೆ ಮೂರಿದ್ದವು! ಶಿವಲಿಂಗವ್ವ ಅದನ್ನು ಯಾರಿಗೂ ಹೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಹುಲ್ಲಪ್ಪನ ಫೋನು ಬಂತು. ಕೊಯ್ದ ಮೇಲೆ ಒಡ್ಡು ಕಟ್ಟಿ ಮೋಟು ಮುಳುಗುವಷ್ಟು ನೀರು ನಿಲ್ಲಿಸಿದ್ದನಂತೆ. "ಸತ್ತಾವ್ರಿ ಅಕ್ಕಾರ, ಎಲ್ಲಾ ಸತ್ತಾವು!" ಎಂದು ಗಂಡು ಹುಟ್ಟಿದ ಖುಷಿಯಲ್ಲಿ ಕೂಗಿದ. ಇವಳ ಗೋಡೆಯ ಮೇಲಿನ ಲೋಟ ಮಾತ್ರ ಇನ್ನೂ ಬರುತ್ತಿತ್ತು. ಕೆಂಪು ಹೋಗಿ ಗುಲಾಬಿ, ಗುಲಾಬಿ ಹೋಗಿ ಬರೀ ಗುಲಾಬಿಯ ಗುಮಾನಿ. ಬಿಸಿಲಿಗೆ ಹಿಡಿದು ನೋಡಿದರೂ ಇದೆಯೋ ಇಲ್ಲವೋ ಹೇಳಲಾಗದು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೋಡೆಯ ಮೇಲೆ ಲೋಟ ಇರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಶಿವಲಿಂಗವ್ವನಿಗೆ ನೀರು ಸೇರದಾಯಿತು. ಬೈಯಲಿಲ್ಲ, ಮಾತಾಡಲಿಲ್ಲ, ಈಗ ಲೋಟವೂ ಬೇಡವಾಯಿತೇ ಆ ಹೆಣ್ಣಿಗೆ? ಬಾವಿ ಮುಚ್ಚಿಯೇ ಬಿಟ್ಟರೋ ಏನೋ. "ಸಿಟ್ಟಾದ್ರೂ ಇತ್ತಲ್ರಿ ನನ್ನ ಮ್ಯಾಲೆ" ಎಂದಳು ಗಂಡನ ಮುಂದೆ, ಕಣ್ಣಲ್ಲಿ ನೀರು ತಂದುಕೊಂಡು. "ಈಗ ಅದೂ ಇಲ್ಲ."

"ಇದ್ದೀತು" ಎಂದ ಗೋವಿಂದಪ್ಪ.

ಆ ಹೊತ್ತಿಗೆ ಗಾಳಿ ಎದ್ದಿತ್ತು. ಆಪಿನ ಕಂದು ಹೂಗಳು ಒಣಗಿ ಬಿರಿದು, ಹತ್ತಿಯ ಎಳೆಯಂಥ ಬಿಳಿ ಅರಳೆ ಹಿತ್ತಲ ತುಂಬ ಹಾರಾಡುತ್ತಿತ್ತು. ಶಿವಲಿಂಗವ್ವ ಮುಖಕ್ಕೆ ಕೂತದ್ದನ್ನು ಸೆರಗಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಆಪಿನ ಆಚೆ ಧಡಧಡ ಸದ್ದಾಯಿತು. ಆಳೆತ್ತರದ ಗರಿಗಳ ಮೇಲೆ ಅಫ್ಸಾನಾಳ ತಲೆ ಎದ್ದಿತು. ಇಟ್ಟಿಗೆಯ ರಾಶಿ ಹತ್ತಿ ನಿಂತಿದ್ದಳು.

"ಶಿವ್ವಕ್ಕಾ!" ಎಂದು ಚೀರಿದಳು. "ಏನಿದು ನಿನ್ನ ಹುಲ್ಲಿನ ಕಾಟ! ಬೆಳಿಗ್ಗಿಂದ ಹಾಸು ಹರವೇನಿ, ಹಸಿ ಗಂಜಿ ಮ್ಯಾಲೆ ಈ ಸುಡುಗಾಡ ಅರಳಿ ಬಂದು ಕುಂತಾವು! ಆರಿಸಿ ಆರಿಸಿ ಉಗುರು ಸವದು ಹೋದವು. ಬಿಳಿ ನೂಲಿನ ಮ್ಯಾಲೆ ಬಿಳಿ ಅರಳಿ, ಕಣ್ಣಿಗೆ ಸೈತ ಕಾಣವಲ್ವು!"

ಇಷ್ಟು ಬೈಗಳಲ್ಲಿ ಶಿವಲಿಂಗವ್ವನ ಕಿವಿಗೆ ಬಿದ್ದದ್ದು ಒಂದೇ ಮಾತು. "ಬಿಳಿ ನೂಲೇನು?"

"ಮತ್ತೇನ ಹಸರು ನೂಲು? ಅವತ್ತ ಕಟ್ಟಿ ಮ್ಯಾಲೆ ಒಗದು ಹೋದ ಗಿರಾಕೀನ, ಬಾವಿ ತಿಳಿ ಆಗೇತಿ ಅಂತ ತಂದು ಕೊಟ್ಟಾನ..." ಅಫ್ಸಾನಾ ಅರ್ಧಕ್ಕೆ ನಿಂತಳು. ಎಷ್ಟು ತಿಂಗಳ ಮೇಲೆ ಮಾತಾಡುತ್ತಿದ್ದೇನೆಂದು ಆಗಷ್ಟೇ ಅವಳಿಗೆ ಹೊಳೆದಂತಿತ್ತು. ಅವಳ ಕೂದಲ ತುಂಬ ಅರಳೆ ಕೂತಿತ್ತು.

ಶಿವಲಿಂಗವ್ವ ಗೋಡೆಗೆ ಇನ್ನಷ್ಟು ಹತ್ತಿರ ಬಂದಳು. "ಅಷ್ಟ ತ್ರಾಸ ಆದ್ರ ಹೇಳವಾ. ನಮ್ಮವರ ಕೈಯಾಗ ಕತ್ತರಿ ಕೊಟ್ರ ಒಂದ ನಿಮಿಷದ ಕೆಲಸ."

"ಕತ್ತರಿ ಹಚ್ಚಿದ್ರ ನೋಡು ಮತ್ತ!" ಅಫ್ಸಾನಾ ಬೆರಳು ಕುಣಿಸಿದಳು. "ಆಮ್ಯಾಲೆ ನನ್ನ ಆಡಿನ ಮ್ಯಾಲೆ ಹಾಕಾಕ ಬರಬ್ಯಾಡ! ಸುಮ್ಮನ ಬಾಯಿ ತಕ್ಕೊಂಡು ನಿಂದರಬ್ಯಾಡ, ಈ ಕಡಿ ಬಾ. ಅರಳಿ ಆರಸಬೇಕು."

ಮುಂದಿನ ಬಾಗಿಲಿನಿಂದ ಸುತ್ತಿ ಹೋದರೂ ಆಗುತ್ತಿತ್ತು. ಶಿವಲಿಂಗವ್ವನಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಕುಣಿ ಮುಗಿಯುವ ಮೂಲೆಯಲ್ಲಿ ಹಂಡೆ ಬೋರಲು ಹಾಕಿ, ಸೀರೆ ಮೇಲೆತ್ತಿ ಸಿಕ್ಕಿಸಿ, ಗಂಡನ ಹೆಗಲು ಹಿಡಿದು ಗೋಡೆ ಹತ್ತಿದಳು. ಆಚೆ ಕಾಲಿಡಲು ಇಟ್ಟಿಗೆಯ ರಾಶಿ ಸರಿಯಾಗಿ ಸಿಕ್ಕಿತು.